ತುರ್ತಿಗೆ ನಾಲ್ಕು ದಿನದ ಮಾತ್ರೆ ಕೊಡಲು ಫಾರ್ಮಾಸಿಸ್ಟರಿಗೆ ಅವಕಾಶ ಬೇಕು

ಮಾನ್ಯ ಸಂಪಾದಕರೇ,

ಡಾಕ್ಟರ ಚೀಟಿ ಇಲ್ಲದೆ ಔಷಧಿ ಮಾರಬಾರದು ಎನ್ನುವ ನಿಯಮ ಬೇಕೇ ಬೇಕು. ಮುಂಬಯಿಯವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2012ರ ಆರಂಭದಲ್ಲಿ, ಯಾವ ಔಷಧಿಗೂ ಬಗ್ಗದ ಟಿಬಿ ಬಂದಿದೆ ಎಂದು ದೇಶವೇ ಗಾಬರಿಯಾದದ್ದು ಇದೇ ಊರಿನ ಡಾಕ್ಟರುಗಳು ಬರೆದ ವರದಿಯಿಂದ. ಎರಡು ದಿನ ಜ್ವರ ಬಂತು ಅಂತ ಮೆಡಿಕಲ್‌ಗೆ ಹೋಗಿ "ಒಳ್ಳೇ ಆ್ಯಂಟಿಬಯಾಟಿಕ್ ಕೊಡಿ" ಎಂದು ಕೇಳುವ ಚಾಳಿ ನಿಲ್ಲಬೇಕು. ಟಿಬಿ ಮಾತ್ರೆ, ಸ್ಟ್ರಾಂಗ್ ಆ್ಯಂಟಿಬಯಾಟಿಕ್, ಕೆಲವು ನಿದ್ದೆ ಮಾತ್ರೆ, ಇವೆಲ್ಲ 2014ರ ಮಾರ್ಚ್‌ನಿಂದ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟರು ಎಂಬುದನ್ನು ಅಂಗಡಿಯವರು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಇದರಲ್ಲಿ ಸ್ವಲ್ಪವೂ ಸಡಿಲ ಬೇಡ.

ನನ್ನ ತಕರಾರು ಬೇರೆ. ದಿನಾ ತಪ್ಪದೆ ತೆಗೆದುಕೊಳ್ಳಲೇಬೇಕಾದ ಮಾತ್ರೆ ಮುಗಿದಿದೆ, ಡಾಕ್ಟರು ಸಿಗುತ್ತಿಲ್ಲ, ಆಗ ಏನು ಮಾಡಬೇಕು? ಇದಕ್ಕೆ ನಮ್ಮ ನಿಯಮದಲ್ಲಿ ದಾರಿಯೇ ಇಲ್ಲ.

ನಮ್ಮ ಬಿಲ್ಡಿಂಗಿನಲ್ಲಿ ಕುಂದಾಪುರ ಕಡೆಯ ಒಬ್ಬ ಅಕ್ಕ ಇದ್ದಾರೆ. ಫಿಟ್ಸ್‌ಗೆಂದು ಎಷ್ಟೋ ವರ್ಷದಿಂದ ಲೆವೆಟಿರಾಸೆಟಮ್ 500 ತೆಗೆದುಕೊಳ್ಳುತ್ತಾರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಕಳೆದ ಮಳೆಗಾಲದಲ್ಲಿ ಊರಿಂದ ಮತ್ಸ್ಯಗಂಧ ರೈಲು ಹತ್ತಿ ಬಂದರು, ಮಾತ್ರೆಯ ಡಬ್ಬಿ ಊರಲ್ಲೇ ಉಳಿಯಿತು. ಗೊತ್ತಾದದ್ದು ಶನಿವಾರ ರಾತ್ರಿ ಊಟ ಆದ ಮೇಲೆ. ಅವರ ಡಾಕ್ಟರು ಕೂರುವುದು ಸೋಮವಾರ ಸಂಜೆ, ಫೋನ್ ಎತ್ತಲಿಲ್ಲ. ಈ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಮರಳಿ ಬರಬಹುದು, ಒಂದರ ಹಿಂದೆ ಒಂದು ಬಂದರೆ ಜೀವಕ್ಕೇ ಅಪಾಯ. ಹಳೇ ಚೀಟಿ ಹಿಡಿದುಕೊಂಡು ನಾನೂ ಜೊತೆಗೆ ಹೋದೆ. ಮೊದಲನೇ ಮೆಡಿಕಲ್‌ನವರು ಚೀಟಿಯ ತಾರೀಖು ನೋಡಿ ವಾಪಸ್ ಕೊಟ್ಟರು. ಎಫ್‌ಡಿಎ (ಔಷಧಿ ಅಂಗಡಿಗಳ ಮೇಲೆ ಕಣ್ಣಿಡುವ ರಾಜ್ಯದ ಇಲಾಖೆ) ತಪಾಸಣೆ ನಡೀತಿದೆ, ನನ್ನ ಲೈಸೆನ್ಸ್ ಹೋದರೆ ಯಾರು ಕೇಳ್ತಾರೆ ಅಂದರು. ಅವರದ್ದು ತಪ್ಪು ಅಂತ ಹೇಳಲಾರೆ. ಎರಡನೇ ಅಂಗಡಿಯಲ್ಲಿ ಫಾರ್ಮಾಸಿಸ್ಟರ ಸರ್ಟಿಫಿಕೇಟ್ ಗೋಡೆಯ ಮೇಲೆ ಚೌಕಟ್ಟಿನಲ್ಲಿತ್ತು, ಫಾರ್ಮಾಸಿಸ್ಟ್ ಇರಲಿಲ್ಲ. ಕೌಂಟರಿನ ಹುಡುಗ ಚೀಟಿಯನ್ನು ಸರಿಯಾಗಿ ನೋಡಲೂ ಇಲ್ಲ, ಒಂದು ಸ್ಟ್ರಿಪ್ ತೆಗೆದು ಕೊಟ್ಟುಬಿಟ್ಟ. ಮನೆಗೆ ಬಂದು ದೀಪದ ಕೆಳಗೆ ಹಿಡಿದು ನೋಡಿದರೆ 250. ಎರಡೆರಡು ನುಂಗಿ ಅಕ್ಕ ಸೋಮವಾರದ ತನಕ ದಿನ ದೂಡಿದರು.

ನೋಡಿ, ನಿಯಮ ಪಾಲಿಸಿದವರು ಬರಿಗೈಯಲ್ಲಿ ಕಳಿಸಿದರು, ನಿಯಮ ಮುರಿದವರ ಹತ್ತಿರ ಮಾತ್ರೆ ಸಿಕ್ಕಿತು, ಅದೂ ತಪ್ಪು ಮಾತ್ರೆ. ಎಫ್‌ಡಿಎ ಬಿಗಿ ಮಾಡಿದಾಗಲೆಲ್ಲ ಹೀಗೇ ಆಗುತ್ತದೆ. ಆ್ಯಂಟಿಬಯಾಟಿಕ್ ಕೇಳುವವನಿಗೂ ಫಿಟ್ಸ್ ಮಾತ್ರೆ ಕೇಳುವವಳಿಗೂ ಒಂದೇ ಉತ್ತರ. ಬಿಗಿ ಸಡಿಲಾದರೆ ಇಬ್ಬರಿಗೂ ಕೇಳಿದ್ದೆಲ್ಲ ಸಿಗುತ್ತದೆ.

1945ರ ಡ್ರಗ್ಸ್ ರೂಲ್ಸ್‌ನ 65ನೇ ನಿಯಮ ಹೇಳುವುದು ಇಷ್ಟು: ಡಾಕ್ಟರು ಬೇರೆ ಬರೆಯದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧಿ. ಆದರೆ ಇಂತಿಷ್ಟು ಸಲ ಕೊಡಿ, ಇಂತಿಷ್ಟು ದಿನಕ್ಕೊಮ್ಮೆ ಕೊಡಿ ಎಂದು ಡಾಕ್ಟರು ಚೀಟಿಯಲ್ಲೇ ಬರೆದರೆ ಅಷ್ಟು ಸಲ ಕೊಡಬಹುದು. ಇದು ಎಷ್ಟು ಜನರಿಗೆ ಗೊತ್ತಿದೆ? ಬಿಪಿ, ಶುಗರ್, ಥೈರಾಯ್ಡ್ ಅಂತ ಜೀವಮಾನವಿಡೀ ಮಾತ್ರೆ ತಿನ್ನುವವರ ಚೀಟಿಯಲ್ಲೂ ಆ ಒಂದು ಸಾಲು ಇರುವುದಿಲ್ಲ. ಔಷಧಿ ಕೊಟ್ಟಾಗ ಅಂಗಡಿಯ ಹೆಸರು, ವಿಳಾಸ, ತಾರೀಖನ್ನು ಚೀಟಿಯ ಮೇಲೆ ಹಾಕಬೇಕು ಅಂತಲೂ ಅದೇ ನಿಯಮದಲ್ಲಿದೆ. ಬಿಲ್ಲೇ ಕೊಡದ ಅಂಗಡಿಗಳಿರುವಾಗ ಆ ಸೀಲನ್ನು ಯಾರು ಒತ್ತುತ್ತಾರೆ ಹೇಳಿ! ಒತ್ತಿದ್ದರೆ, ಈ ಅಕ್ಕ ತಿಂಗಳು ತಿಂಗಳೂ ಇದೇ ಮಾತ್ರೆ ಕೊಂಡಿದ್ದಾರೆ ಎಂದು ಬೇರೆ ಅಂಗಡಿಯವರಿಗೂ ಒಂದೇ ನೋಟಕ್ಕೆ ಗೊತ್ತಾಗುತ್ತಿತ್ತು.

ಕೊರೊನಾ ಕಾಲದಲ್ಲಿ, 2020ರ ಮಾರ್ಚ್‌ನಲ್ಲಿ, ಮನೆ ಬಾಗಿಲಿಗೆ ಔಷಧಿ ತಲುಪಿಸಲು ಕೇಂದ್ರ ಸರ್ಕಾರ ಒಪ್ಪಿತು. ಆಗ ದೀರ್ಘಕಾಲದ ಕಾಯಿಲೆಯ ಚೀಟಿ ಬರೆದ 30 ದಿನದವರೆಗೆ ನಡೆಯುತ್ತದೆ, ಬೇರೆ ಕಾಯಿಲೆಯದ್ದು ಏಳು ದಿನ ಮಾತ್ರ ಎಂದು ಎರಡನ್ನೂ ಬೇರೆ ಮಾಡಿ ಹೇಳಿತ್ತು. ಹಳೇ ರೋಗಿಗೆ ಫೋನಿನಲ್ಲೇ ಮಾತಾಡಿ ಅದೇ ಔಷಧಿ ಮತ್ತೆ ಬರೆದುಕೊಡಬಹುದು ಎಂದು ಡಾಕ್ಟರುಗಳಿಗೂ ಅದೇ ತಿಂಗಳು ಮಾರ್ಗಸೂಚಿ ಬಂತು. ಅಂದರೆ ಮನಸ್ಸು ಮಾಡಿದರೆ ಆಗುತ್ತದೆ ಅಲ್ವಾ?

ಇಂಗ್ಲೆಂಡಿನಲ್ಲಿ ಚೀಟಿ ಇಲ್ಲದಿದ್ದರೂ ಫಾರ್ಮಾಸಿಸ್ಟ್ ರೋಗಿಯನ್ನು ಮಾತಾಡಿಸಿ, ಈ ಮೊದಲು ಡಾಕ್ಟರು ಅದೇ ಔಷಧಿ ಬರೆದಿದ್ದರು ಎಂದು ಖಾತ್ರಿಯಾದರೆ, ತುರ್ತಿಗೆಂದು 30 ದಿನದವರೆಗಿನ ಔಷಧಿ ಕೊಡಬಹುದು. ಫಿಟ್ಸ್‌ಗೆ ಕೊಡುವ ಫೆನೋಬಾರ್ಬಿಟಲ್ ಆದರೆ ಐದು ದಿನಕ್ಕೆ ಮಾತ್ರ. ಅಮೆರಿಕದ ಓಹಾಯೊದಲ್ಲಿ ಈ ನಿಯಮ ಬದಲಾದದ್ದು ಒಂದು ಸಾವಿನ ನಂತರ. ಕೆವಿನ್ ಹೌಡೆಶೆಲ್ ಎಂಬ 36 ವರ್ಷದವರಿಗೆ ಹೊಸ ವರ್ಷದ ರಜೆಯಲ್ಲಿ ಇನ್ಸುಲಿನ್ ಮುಗಿಯಿತು, ಚೀಟಿಯ ಅವಧಿಯೂ ಮುಗಿದಿತ್ತು, ಡಾಕ್ಟರು ಸಿಗಲಿಲ್ಲ. 2014ರ ಜನವರಿಯಲ್ಲಿ ತೀರಿಕೊಂಡರು. ತುರ್ತಿಗೆ ಮೂರು ದಿನದ ಔಷಧಿ ಕೊಡಬಹುದು ಎಂಬ ನಿಯಮ ಅಲ್ಲಿ ಆಗಲೇ ಇತ್ತು. ಆದರೆ ಇನ್ಸುಲಿನ್ ಬರುವುದೇ ಪ್ಯಾಕಿನಲ್ಲಿ, ಮೂರು ದಿನಕ್ಕೆ ಅಂತ ಒಡೆದು ಕೊಡಲು ಆಗದು. ಆಮೇಲೆ ಅವರ ಹೆಸರಿನಲ್ಲೇ ಕಾನೂನು ಬಂತು. ನಮ್ಮಲ್ಲೂ ಅಂಥದ್ದೊಂದು ಸಾವಾಗುವ ತನಕ ಕಾಯಬೇಕೇ?

ನಾನು ಕೇಳುವುದು ಜಾಸ್ತಿ ಏನಿಲ್ಲ. ಫಿಟ್ಸ್, ಶುಗರ್, ಹೃದಯ, ದಮ್ಮು, ಥೈರಾಯ್ಡ್ ಇಂಥ ಕಾಯಿಲೆಗಳಿಗೆ ಹಿಂದಿನ ಚೀಟಿ ತೋರಿಸಿದವರಿಗೆ ನಾಲ್ಕು ದಿನದ ಮಾತ್ರೆ. ಇನ್ಸುಲಿನ್ ಆದರೆ ಒಂದು ಪೆನ್ನು ಅಥವಾ ಒಂದು ಬಾಟಲಿ ಎಂದೇ ನಿಯಮದಲ್ಲಿ ಬರೆದಿರಲಿ. ಕೊಡುವವರು ರಿಜಿಸ್ಟರ್ಡ್ ಫಾರ್ಮಾಸಿಸ್ಟೇ ಆಗಿರಬೇಕು, ಕೌಂಟರಿನ ಹುಡುಗ ಅಲ್ಲ. ಚೀಟಿಯ ಮೇಲೆ ಸೀಲು, ರಿಜಿಸ್ಟರಿನಲ್ಲಿ ಒಂದು ಸಾಲು, ಡಾಕ್ಟರಿಗೆ ಒಂದು ಮೆಸೇಜು. ಎಚ್1 ಮತ್ತು ಅದಕ್ಕಿಂತ ಬಿಗಿಯಾದ ಶೆಡ್ಯೂಲ್ ಎಕ್ಸ್ ಪಟ್ಟಿಯ ಔಷಧಿಗಳು ಇದರಲ್ಲಿ ಬರಲೇಬಾರದು. ಇದರಿಂದ ಇನ್ನೊಂದು ಲಾಭವೂ ಇದೆ: ಫಾರ್ಮಾಸಿಸ್ಟರಿಗೆ ಮಾಡಲು ನಿಜವಾದ ಕೆಲಸ ಇದೆ ಎಂದಾದರೆ ಗೋಡೆಯ ಸರ್ಟಿಫಿಕೇಟಿನಿಂದ ಅವರು ಅಂಗಡಿಗೆ ಇಳಿದು ಬರಲೇಬೇಕಾಗುತ್ತದೆ.

ಈ ರೂಲ್ಸ್ ಬದಲಿಸುವುದು ಕೇಂದ್ರದ ಕೈಯಲ್ಲಿದೆ, ಜಾರಿ ಮಾಡುವುದು ರಾಜ್ಯದ ಎಫ್‌ಡಿಎ. ಅಂಗಡಿಗಳಲ್ಲಿ ಏನಾಗುತ್ತಿದೆ ಎಂದು ಹತ್ತಿರದಿಂದ ನೋಡುವವರು ಇವರೇ ಆದ್ದರಿಂದ, ಮಹಾರಾಷ್ಟ್ರ ಎಫ್‌ಡಿಎ ಮತ್ತು ರಾಜ್ಯ ಫಾರ್ಮಸಿ ಕೌನ್ಸಿಲ್ ಸೇರಿ ದಿಲ್ಲಿಗೆ ಪ್ರಸ್ತಾವ ಕಳಿಸಲಿ. ನಮ್ಮ ಕನ್ನಡ ಸಂಘಗಳು ಆರೋಗ್ಯ ಶಿಬಿರ ಮಾಡುವಾಗ, ಬಿಪಿ ನೋಡಿ ಕಳಿಸುವುದರ ಜೊತೆಗೆ, ಹಿರಿಯರಿಗೆ ಇದನ್ನೂ ಹೇಳಿಕೊಡಲಿ: ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ "ಮೂರು ತಿಂಗಳು, ತಿಂಗಳಿಗೊಮ್ಮೆ ಕೊಡಬಹುದು" ಎಂದು ಚೀಟಿಯಲ್ಲೇ ಬರೆಸಿಕೊಳ್ಳಿ, ಅದರ ಫೋಟೊ ಮಕ್ಕಳ ಫೋನಿನಲ್ಲೂ ಇರಲಿ. ಅದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.

ಒಬ್ಬ ಓದುಗ, ಡೊಂಬಿವಲಿ ಪೂರ್ವ