ಹಸಿರು ಎಂದು ಬರೆದ ವರದಿ

ಚಿ. ಮಧುವಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಕೈಸೇರಿ ಮೂರು ದಿನಗಳಾದವು. ಪ್ರಾಜೆಕ್ಟ್ ಹಿಂದೆ ಬಿದ್ದಿರುವುದು, ಭಾನುವಾರಗಳೂ ನಿನಗೆ ಆಫೀಸಿನಲ್ಲೇ ಕಳೆಯುತ್ತಿರುವುದು ನಿನ್ನ ಅಪ್ಪನಿಂದ ಮೊದಲೇ ತಿಳಿದಿತ್ತು. ನನ್ನ ನಿದ್ದೆ ಕೆಡಿಸಿದ್ದು ಕೊನೆಯ ಪುಟದಲ್ಲಿ, ಬರೆಯಲೋ ಬೇಡವೋ ಎಂಬಂತೆ ನೀನು ಬರೆದ ಒಂದು ಸಾಲು. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸಿದ ಖಾತೆಗಳ ಮೊತ್ತ ತಾಳೆಯಾಗುತ್ತಿಲ್ಲವೆಂದು ಗೊತ್ತಿದ್ದೂ ಈ ವಾರದ ವರದಿಯಲ್ಲಿ ಎಲ್ಲ ಸರಿಯಾಗಿದೆ ಎನ್ನುವ ‘ಹಸಿರು’ ಗುರುತನ್ನೇ ಹಾಕಿದೆ ಎಂದಿದ್ದೀಯೆ. ಕೆಂಪು ಎಂದರೆ ಕೆಲಸ ಕೆಡಿಸಿದವನು ನೀನೇ ಎಂದು ಎಲ್ಲರೂ ಬೆರಳು ತೋರಿಸುತ್ತಾರೆಂಬ ಭಯ ನಿನಗೆ.

ಆ ಭಯವನ್ನು ನಾನು ಬಲ್ಲೆ. 1996ರಲ್ಲಿ ನಮ್ಮ ಬ್ಯಾಂಕಿನ ಶಾಖೆಗೆ ಕಂಪ್ಯೂಟರ್ ಬಂದಾಗ ಉಳಿತಾಯ ಖಾತೆಗಳ ಲೆಡ್ಜರುಗಳನ್ನು ರಾತ್ರಿಯೆಲ್ಲ ಕುಳಿತು ಅದಕ್ಕೆ ಏರಿಸಿದೆವು. ಒಂದೊಂದು ಖಾತೆಯ ಶಿಲ್ಕನ್ನೂ ಕೂಡಿದರೆ ಬರುವ ಮೊತ್ತಕ್ಕೂ ಶಾಖೆಯ ಒಟ್ಟು ಲೆಕ್ಕವಿರುವ ಜನರಲ್ ಲೆಡ್ಜರಿನ ಮೊತ್ತಕ್ಕೂ ಹನ್ನೊಂದು ಸಾವಿರ ಚಿಲ್ಲರೆ ರೂಪಾಯಿ ವ್ಯತ್ಯಾಸ ಬಂತು. ಏರಿಸುವ ಕೆಲಸ ಮಾಡಿದ್ದ ಹೊಸ ಗುಮಾಸ್ತ ಬಂದು, “ಸಾರ್, ತಪ್ಪು ಎರಡೇ ಲೆಡ್ಜರುಗಳಲ್ಲಿದೆ ಅನ್ನಿಸುತ್ತದೆ, ಎರಡು ದಿನ ಕೊಡಿ” ಎಂದ. ಮೇಲಿನ ಕಚೇರಿಗೆ ತಿಳಿಸಿದ್ದ ದಿನಾಂಕ ಮರುದಿನದ್ದು. ನಾನು ಆ ಮೊತ್ತವನ್ನು, ಲೆಕ್ಕ ಸಿಗದ ಹಣವನ್ನು ತಾತ್ಕಾಲಿಕವಾಗಿ ಇಡುವ ಸಸ್ಪೆನ್ಸ್ ಖಾತೆಗೆ ಹಾಕಿ, ಲೆಕ್ಕ ತಾಳೆಯಾಗಿದೆ ಎಂದು ಸಹಿ ಮಾಡಿದೆ. ಕೈಬರಹದ ಲೆಡ್ಜರುಗಳನ್ನು ಅಂದೇ ನಿಲ್ಲಿಸಲಾಯಿತು. ಎಂಟು ತಿಂಗಳ ನಂತರ ತಪಾಸಣೆಗೆ ಬಂದವರು ಅದನ್ನು ಹಿಡಿದಾಗ ಮೆಮೊ ಹೋದದ್ದು ಆ ಹುಡುಗನಿಗೆ. ಅವನ ಇನ್‌ಕ್ರಿಮೆಂಟ್ ತಡೆದರು, ಅವನು ಎರಡು ದಿನ ಕೇಳಿದ್ದನೆಂದು ನಾನು ಯಾರಿಗೂ ಹೇಳಲಿಲ್ಲ. ನಿನ್ನ ದೊಡ್ಡಮ್ಮನಿಗೂ ಇದು ಗೊತ್ತಿಲ್ಲ.

ನಿವೃತ್ತನಾದ ಮೇಲೆ ಇಂಥ ಕೆಲಸಗಳು ಹೇಗೆ ಕೆಟ್ಟವು, ಹೇಗೆ ಸುಧಾರಿಸಿದವು ಎಂದು ಹುಡುಕಿ ಓದುತ್ತಿರುವುದು ನನಗಾಗ ಬೇರೆ ದಾರಿಯಿತ್ತೇ ಎಂದು ತಿಳಿಯಲಿಕ್ಕೆ. ಅಮೆರಿಕದ ಸರ್ಕಾರ ಜನರು ಆರೋಗ್ಯ ವಿಮೆ ಪಡೆಯಲೆಂದು ಹೆಲ್ತ್‌ಕೇರ್ ಡಾಟ್ ಗವ್ ಜಾಲತಾಣವನ್ನು 2013ರ ಅಕ್ಟೋಬರ್ 1ರಂದು ತೆರೆದಾಗ ಮೊದಲ ದಿನ ನೋಂದಣಿ ಪೂರ್ತಿಯಾದದ್ದು ಕೇವಲ 6 ಜನರದು. ಕೆಲವೇ ದಿನಗಳ ಹಿಂದಿನ ಪರೀಕ್ಷೆಯಲ್ಲಿ ಕೆಲವು ನೂರು ಜನರ ಭಾರಕ್ಕೇ ಅದು ಕುಸಿದಿತ್ತು. ಆದರೂ ದಿನಾಂಕ ಮುಂದಕ್ಕೆ ಹೋಗಲಿಲ್ಲ. ಅಲ್ಲಿಯೂ ಯಾರೋ ಹಸಿರು ಎಂದು ಬರೆದಿರಬೇಕು ಎಂದು ಓದುವಾಗಲೆಲ್ಲ ನನಗನ್ನಿಸುತ್ತದೆ. ಅದನ್ನು ಸರಿಪಡಿಸುವ ಹೊಣೆಯನ್ನು ಅಲ್ಲಿನ ಸರ್ಕಾರದ ಬಜೆಟ್ ಕಚೇರಿಯನ್ನು ಹಿಂದೆ ನಡೆಸಿದ್ದ ಜೆಫ್ರಿ ಜಿಯೆಂಟ್ಸ್ ಅವರಿಗೆ ಒಪ್ಪಿಸಿದರು. ಗೂಗಲ್‌ನಿಂದ ಬಂದ ಮೈಕಿ ಡಿಕರ್ಸನ್ ಎಂಬ ಎಂಜಿನಿಯರ್ ದಿನಕ್ಕೆ ಎರಡು ಬಾರಿ ಸಭೆ ನಡೆಸಿ ಮೂರು ಕಟ್ಟಳೆಗಳನ್ನು ಹಾಕಿದರು: ಸಭೆ ಇರುವುದು ತೊಂದರೆ ಬಗೆಹರಿಸಲಿಕ್ಕೇ ಹೊರತು ದೂರು ಹೊರಿಸಲಿಕ್ಕಲ್ಲ, ಮಾತನಾಡಬೇಕಾದವರು ವಿಷಯವನ್ನು ಹೆಚ್ಚು ಬಲ್ಲವರೇ ಹೊರತು ದೊಡ್ಡ ಹುದ್ದೆಯವರಲ್ಲ, ಮುಂದಿನ ಒಂದೆರಡು ದಿನಗಳಲ್ಲಿ ಪೆಟ್ಟು ಕೊಡುವ ತೊಂದರೆಯತ್ತ ಮೊದಲು ಗಮನ. ನವೆಂಬರ್ ಕೊನೆಗೆ ಬಹುತೇಕ ಜನರಿಗೆ ತಾಣ ಕೆಲಸ ಮಾಡತೊಡಗಿತು. ಎರಡನೆಯ ಕಟ್ಟಳೆಯನ್ನು ಓದಿದಾಗ ನನಗೆ ನೆನಪಾದದ್ದು ಎರಡು ದಿನ ಕೇಳಿ ನನ್ನ ಮೇಜಿನ ಮುಂದೆ ನಿಂತಿದ್ದ ಆ ಹುಡುಗನ ಮುಖ.

ನಿನ್ನ ಕೆಲಸದ ಒಳಗನ್ನು ಬಲ್ಲವನಲ್ಲ ನಾನು, ತಪ್ಪಿದ್ದರೆ ಬಿಟ್ಟುಬಿಡು. ಇನ್ನೂ ಹನ್ನೆರಡು ಜನರನ್ನು ಕೊಡುತ್ತೇವೆಂದು ಮೇಲಿನವರು ಹೇಳಿದ್ದಾರೆಂದು ಬರೆದಿದ್ದೀಯೆ. ಐಬಿಎಂನ ‘ಸಿಸ್ಟಂ/360’ ಎಂಬ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಂ ಕೆಲಸ ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂದು 1975ರಲ್ಲೇ ಬರೆದಿದ್ದಾರೆ. ಕೆಲಸ ಬಲ್ಲವರೇ ಅದನ್ನು ಬಿಟ್ಟು ಹೊಸಬರಿಗೆ ಕಲಿಸಲು ಕೂರಬೇಕಾಗುತ್ತದಲ್ಲ. ಹನ್ನೆರಡು ಜನರ ಬದಲು ಎರಡು ವಾರ ಕೇಳಿದರೆ ಕೊಡುತ್ತಾರೆಯೇ? ಗ್ರಾಹಕರು ಕೇಳುತ್ತಿರುವ ಹೊಸ ಸೌಲಭ್ಯಗಳನ್ನು ಸದ್ಯಕ್ಕೆ ನಿಲ್ಲಿಸಲು ಸಾಧ್ಯವೇ ಎಂದೂ ನೋಡು. ಮತ್ತೊಂದು ಮಾತು, ಹಳೆಯ ವ್ಯವಸ್ಥೆಯನ್ನು ನಿಲ್ಲಿಸಿಬಿಡಲು ಮಾತ್ರ ಒಪ್ಪಬೇಡ. ನಮ್ಮ ಶಾಖೆಯಲ್ಲಿ ಕೈಬರಹದ ಲೆಡ್ಜರು ಇನ್ನೊಂದು ತಿಂಗಳು ಜೊತೆಯಲ್ಲಿ ನಡೆದಿದ್ದರೆ ತಪ್ಪಿದ ಖಾತೆಗಳು ತಾವಾಗಿಯೇ ಕಾಣಿಸಿಕೊಳ್ಳುತ್ತಿದ್ದವು.

ಇದೆಲ್ಲವನ್ನೂ ಬರೆದ ಮೇಲೂ ಮನಸ್ಸು ಆ ಹಸಿರು ಗುರುತಿನ ಬಳಿಗೇ ಹೋಗುತ್ತದೆ. ಕೆಂಪು ಎಂದು ಬರೆದರೆ ಬೆರಳು ನಿನ್ನ ಕಡೆ ತಿರುಗುವುದಿಲ್ಲ ಎಂದು ನಾನು ಹೇಳಲಾರೆ, ತಿರುಗಬಹುದು. ಬರಿಯ ಕೆಂಪು ಎಂದು ಬರೆದು ಬಿಡಬೇಡ. ಎಷ್ಟು ಖಾತೆಗಳು ತಾಳೆಯಾಗಿಲ್ಲ, ವ್ಯತ್ಯಾಸ ಎಷ್ಟು, ಹುಡುಕಲು ಎಷ್ಟು ದಿನ ಬೇಕು, ಇಷ್ಟನ್ನು ಜೊತೆಗೆ ಬರೆ. ನಿನ್ನ ತಂಡದಲ್ಲಿ ಆ ತಪ್ಪನ್ನು ಮೊದಲು ಕಂಡು ಹೇಳಿದವರು ಯಾರೋ ಇದ್ದಾರೆಂದು ನಿನ್ನ ಪತ್ರದಲ್ಲೇ ಇದೆ, ಆದರೆ ಅವರ ಹೆಸರಿಲ್ಲ. ಅವರನ್ನು ಸಭೆಗೆ ಕರೆದುಕೊಂಡು ಹೋಗು, ಅವರೇ ಮಾತನಾಡಲಿ.

ಮುಂದಿನ ವರದಿ ಗುರುವಾರ ಎಂದಿದ್ದೀಯೆ. ಅದನ್ನು ಕಳಿಸುವ ಮೊದಲು ನನಗೊಮ್ಮೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇಂತು ನಿನ್ನ
ದೊಡ್ಡಪ್ಪ