ಕಡಲ ಬದಿಗೆ ಕಾರು ತರುವ ಮುನ್ನ

ಚಿ. ರಘುವಿಗೆ ಮಾವನ ಆಶೀರ್ವಾದಗಳು.

ದಾವಣಗೆರೆಯಿಂದ ಬೈಂದೂರಿಗೆ ವರ್ಗವಾಗಿದೆ, ಹೊಸ ಕಾರೂ ಜೊತೆಗೇ ಬರುತ್ತಿದೆ ಎಂದು ನಿನ್ನ ಅಮ್ಮ ಹೇಳಿದಳು. ಸಂತೋಷ. ಆದರೆ ನಿಮ್ಮ ಬಯಲುಸೀಮೆಯಲ್ಲಿ ಬಾಳಿದಂತೆ ತಗಡು ಇಲ್ಲಿ ಬಾಳುವುದಿಲ್ಲ. ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ಮಳೆಗಾಲದ ಗಾಳಿಗೆ ಅಲೆಯ ತುಂತುರು ನೇರ ಗಾಜಿಗೆ ಬಡಿಯುತ್ತದೆ. ಅದು ಸಾಲದೆಂಬಂತೆ ಮೀನಿನ ಲಾರಿಗಳು ದಾರಿಯುದ್ದಕ್ಕೂ ಉಪ್ಪುನೀರು ಸುರಿಸಿಕೊಂಡು ಹೋಗುತ್ತವೆ. ಅವುಗಳ ಹಿಂದೆಯೇ ಓಡಿಸಬೇಡ. ವಾಸನೆಯನ್ನು ಸಹಿಸಬಹುದು, ಕಾರಿನ ಅಡಿಗೆ ಎರಚುವ ಆ ನೀರನ್ನಲ್ಲ.

ಅಡಿಭಾಗಕ್ಕೆ ಕಪ್ಪು ರಬ್ಬರ್ ಲೇಪನ ಮಾಡಿಸಿಕೊಳ್ಳಿ ಎಂದು ಶೋರೂಮಿನವರು ದುಂಬಾಲು ಬೀಳುತ್ತಾರೆ. ಒಣಗಿದ, ಶುಚಿಯಾದ ತಗಡಿನ ಮೇಲಾದರೆ ಅದು ಒಳ್ಳೆಯದೇ. ಕೆಸರು, ತೇವ ಇರುವಾಗಲೇ ಬಳಿದರೆ ನೀರು ಒಳಗೇ ಸಿಕ್ಕಿಕೊಂಡು, ಮೇಲೆ ಕಪ್ಪಗೆ ಮಿರುಗುತ್ತಿರುವಾಗಲೇ ತುಕ್ಕು ತಗಡನ್ನು ತಿಂದು ಮುಗಿಸುತ್ತದೆ. ಮಾಡಿಸುವುದಾದರೆ ಏಪ್ರಿಲ್ ಬಿಸಿಲಿನಲ್ಲಿ ಮಾಡಿಸು. ಸೈಲೆನ್ಸರಿಗೂ ಬ್ರೇಕಿಗೂ ತಾಗದಂತೆ, ಬಾಗಿಲಿನ ತಳದ ತೂತುಗಳು ಮುಚ್ಚಿಹೋಗದಂತೆ ನೀನೇ ಪಕ್ಕದಲ್ಲಿ ನಿಂತು ನೋಡಿಕೋ.

ಆ ತೂತುಗಳನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಗಾಜಿನ ಅಂಚಿನಿಂದ ಇಳಿದ ಮಳೆನೀರು ಬಾಗಿಲಿನ ಒಳಗೇ ಹರಿದು ಅಲ್ಲಿಂದ ಹೊರಬೀಳಬೇಕು. ಕೆಂಪುಮಣ್ಣು, ಗಾಳಿಮರದ ಎಲೆ ಕಟ್ಟಿಕೊಂಡರೆ ಬಾಗಿಲೇ ತುಂಬಿದ ಕೊಡವಾಗುತ್ತದೆ. ಕೆಳ ಅಂಚಿಗೆ ಬೆರಳಾಡಿಸಿ ಹುಡುಕು. ಉರಿದುಳಿದ ಊದಿನಕಡ್ಡಿಯೊಂದರಿಂದ ಮೆಲ್ಲಗೆ ಬಿಡಿಸಿದರೆ ಸಾಕು. ಬಾನೆಟ್ಟಿನ ಹಿಂದೆ, ವೈಪರಿನ ಬುಡದಲ್ಲಿ ಸೇರುವ ಕಸವನ್ನೂ ತೆಗೆ.

ತೊಳೆಯುವಾಗ ಮೇಲೆ ಉಜ್ಜುವುದಕ್ಕಿಂತ ಮೊದಲು ಚಕ್ರದ ಕಮಾನಿನೊಳಗೆ ಪೈಪು ಹಿಡಿ. ನೀರು ಸಿಹಿಯಾಗಿರಲಿ, ಕಡಲಿಗೆ ಹತ್ತಿರದ ಕೆಲವು ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಪಾತ್ರೆ ತೊಳೆಯುವ ಸಾಬೂನು ಬೇಡ, ಮೇಣದ ಪದರವನ್ನೇ ಅದು ಎತ್ತಿಬಿಡುತ್ತದೆ. ಬಣ್ಣದ ಎಲ್ಲ ಪದರಗಳನ್ನು ಸೇರಿಸಿದರೂ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಅಷ್ಟೇ. ಮೇಲಿಂದ ಮೇಲೆ ಪಾಲಿಶ್ ಮಾಡಿಸಿದರೆ ಅದೂ ಸವೆಯುತ್ತದೆ. ಹಕ್ಕಿಯ ಹಿಕ್ಕೆಯನ್ನು ಕೆರೆಯಬೇಡ. ಒದ್ದೆ ಬಟ್ಟೆ ಹಾಕಿ ನೆನೆಸಿ, ಆಮೇಲೆ ಎತ್ತು. ಕಲ್ಲು ಸಿಡಿದು ಬಣ್ಣ ಹಾರಿದಲ್ಲಿ ಅದೇ ವಾರ ಟಚ್‌ಅಪ್ ಹಚ್ಚು. ಒದ್ದೆ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವವರ ಬುದ್ಧಿಯಂತೂ ನನಗೆ ಅರ್ಥವಾಗಿಲ್ಲ.

ಬಾಡಿಗೆ ಮನೆ ನೋಡುವಾಗ ಸಿಮೆಂಟು ನೆಲದ, ಗಾಳಿಯಾಡುವ ಶೆಡ್ಡು ಇದೆಯೇ ಎಂದು ಮೊದಲು ಕೇಳು. ಹುಲ್ಲಿನ ಮೇಲೆ ನಿಲ್ಲಿಸಿದ ಕಾರಿನ ತಳ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವುದೇ ಇಲ್ಲ. ಉಪ್ಪುಂದದಲ್ಲಿ ಒಂದು ಮನೆ ಖಾಲಿಯಿದೆಯಂತೆ, ವಿಚಾರಿಸಿ ತಿಳಿಸುತ್ತೇನೆ.

ಇತಿ,
ನಿನ್ನ ಮಾವ