ಸಾಕ್ಷಿ ಹಾಕಲು ಬಾ, ದೋಸ್ತಾ

ದೋಸ್ತಾ,

ಮೊನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಲ್ಲಿಸಿದೆ. ಮನೆ ತುಂಬ ಬೀಗರಿದ್ದರು. ಈಗ ಮಧ್ಯಾಹ್ನ, ಎಲ್ಲರೂ ಮಲಗಿದ್ದಾರೆ. ಕೂಲರ್ ಮುಂದೆ ಕೂತು ಬರೆಯುತ್ತಿದ್ದೇನೆ. ಶಿವರಾತ್ರಿ ಮುಗಿದಿದ್ದೇ ತಡ, ಕಲಬುರಗಿ ಬಿಸಿಲು ಶುರುವಾಯಿತು ನೋಡು.

ಅಪ್ಪನ ಕೊನೆಯ ದಿನಗಳು ನಿನಗೆ ನೆನಪಿರಬೇಕು. ಡಾಕ್ಟರು ಹೊರಗೆ ಬಂದು, "ವೆಂಟಿಲೇಟರ್ ಹಾಕೋದಾ, ಬ್ಯಾಡಾ? ಲಗೂ ಹೇಳ್ರಿ" ಅಂದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೊಲದ ಬದು, ಬೋರ್‌ವೆಲ್ ಮೋಟಾರು, ತೊಗರಿ ರೇಟು, ಎಲ್ಲಾ ಅಪ್ಪನ ಜೊತೆ ಮಾತಾಡಿದ್ದೆವು. ಇದೊಂದನ್ನು ಕೇಳಿರಲಿಲ್ಲ. ಹಾಕ್ರಿ ಅಂದೆವು. ಒಂಬತ್ತು ದಿನ ಹಾಗೇ ಇದ್ದ. ಅದು ಅವನಿಗೆ ಬೇಕಿತ್ತೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಅದಕ್ಕೇ ಅವ್ವನನ್ನು ಕೇಳಿಬಿಟ್ಟೆ. ಮೊರದಲ್ಲಿ ಬೇಳೆ ಹಸನು ಮಾಡುತ್ತಿದ್ದಳು. ಒಳಗಿನಿಂದ ನಮ್ಮಾಕೆ, "ಬಿಡ್ತು ಅನ್ರಿ, ಸಂಜಿ ಹೊತ್ತಿನ್ಯಾಗ ಎಂಥಾ ಮಾತು!" ಅಂತ ಬೈದಳು. ಅವ್ವ ಒಂದು ಹರಳು ಆರಿಸಿ ಅಂಗಳಕ್ಕೆ ಒಗೆದಳು. "ನಿಮ್ಮಪ್ಪಗ ಹಾಕಿದ ನಳಿಗಿ ನನಗ ಹಾಕಬ್ಯಾಡ್ರಿ. ಹೈದರಾಬಾದಿಗೆ ಒಯ್ಯಬ್ಯಾಡ್ರಿ. ಹೊಲದಾಗ ಅವರ ಬಾಜೂಕೇ ಮಣ್ಣು ಮಾಡ್ರಿ. ಸಕ್ಕರಿ ಕಾಯಿಲೆ ಅದ ಅಂತ ಕಡೀ ದಿನಾನೂ ಸಪ್ಪನ್ನ ಚಾ ಕುಡಿಸಬ್ಯಾಡ್ರಿ." ಅಷ್ಟು ಹೇಳಿ ಮತ್ತೆ ಬೇಳೆ ಕೇರತೊಡಗಿದಳು.

ಬಾಯಿಮಾತು ಸಾಲದು ಅಂತ ಪರಿಚಯದ ವಕೀಲರನ್ನು ಕೇಳಿದೆ. ವಾಸಿಯಾಗುವ ಆಸೆಯೇ ಇಲ್ಲದಾಗ ಯಂತ್ರದ ಮೇಲೆ ಇಡಬೇಡಿ ಅಂತ ಮೊದಲೇ ಬರೆದಿಡಲು 2018ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆಯಂತೆ. ಆಗ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರಲ್ಲಿ ಸರಳ ಮಾಡಿದರು: ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ, ಸಾಕು. 2025ರ ಜನವರಿಯಲ್ಲಿ ನಮ್ಮ ಸರ್ಕಾರವೂ ಆದೇಶ ಹೊರಡಿಸಿತು. ಪತ್ರ ಇದ್ದ ಮಾತ್ರಕ್ಕೆ ಯಾರೂ ಸ್ವಿಚ್ ತೆಗೆಯುವುದಿಲ್ಲ. ಮೂವರು ಮೂವರು ಡಾಕ್ಟರುಗಳ ಎರಡು ಮಂಡಳಿ ನೋಡಿ ಹೇಳಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ರದ್ದು ಮಾಡಬಹುದು.

ಅವ್ವನ ಜೊತೆ ನನ್ನದೂ ಬರೆಸುತ್ತಿದ್ದೇನೆ. ಅರವತ್ತೆರಡಾಯಿತು, ಇನ್ನೇನು ಕಾಯುವುದು?

ನಿನ್ನ ವಿಷಯಕ್ಕೆ ಬರ್ತೀನಿ. ಬೀದರಿನ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡ್ತೀನಿ ಅಂದೆಯಲ್ಲ, ಅವಸರ ಮಾಡಬೇಡ. ಮಗ ಒಳ್ಳೆಯವನೇ, ಇಲ್ಲ ಅನ್ನುವುದಿಲ್ಲ. ಆದರೂ ನಿಮ್ಮಿಬ್ಬರನ್ನು ನೋಡಿಕೊಳ್ಳಬೇಕು ಅನ್ನುವ ಷರತ್ತು ಪತ್ರದಲ್ಲೇ ಇರಲಿ. ಅದಿದ್ದು ನಾಳೆ ಅವನು ತಪ್ಪಿದರೆ, 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ ಪತ್ರ ರದ್ದು ಮಾಡಿಸಲು ಉಪವಿಭಾಗಾಧಿಕಾರಿ ಹತ್ತಿರ ಹೋಗಬಹುದು. ಬ್ಯಾಂಕಿನಲ್ಲಿ ನಾಮಿನಿ ಹಾಕಿದ್ದೇನೆ, ಸಾಕು ಅಂತಲೂ ಕೂರಬೇಡ. ನಾಮಿನಿ ಅಂದರೆ ದುಡ್ಡು ತೆಗೆದುಕೊಳ್ಳುವವನು, ಅಷ್ಟೇ. ವಾರಸುದಾರ ಬೇರೆ. ಒಂದು ವಿಲ್ ಬರೆದಿಡು. ಬಾಯಿಬಿಟ್ಟು ನಿಮ್ಮಾಕೆಗೂ ಹೇಳು, ಸುಮ್ನೆ ಕಪಾಟಿನಲ್ಲಿಟ್ಟು ಬೀಗ ಹಾಕಬೇಡ.

ಹೋಳಿ ಆದ ಮೇಲೆ ಶರಣಬಸಪ್ಪನ ಜಾತ್ರೆಗೆ ಹೆಂಗೂ ಬರ್ತೀಯಲ್ಲ, ಎರಡು ದಿನ ಮೊದಲೇ ರೈಲು ಹತ್ತು. ನಮ್ಮಿಬ್ಬರ ಪತ್ರಕ್ಕೂ ಒಬ್ಬ ಸಾಕ್ಷಿ ನೀನೇ. ಆಧಾರ್ ಮರೆಯಬೇಡ.

ನಿನ್ನೆ ಅವ್ವ, "ಚಾದ ಮಾತು ಬರಸಿಯೇನು?" ಅಂತ ಕೇಳಿದಳು. ವಕೀಲರು ನಕ್ಕುಬಿಟ್ಟರು. ಅದನ್ನು ನಾನೇ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: ಎರಡು ಚಮಚ ಸಕ್ಕರೆ.

ನಿನ್ನ ದೋಸ್ತ